ಅದು ಗಿಡ ಅಲ್ಲ ಪುಟ್ಟಿ, ಬಳ್ಳಿ

ಪೆರ್ಲ, ಕಾಸರಗೋಡು
ಏಪ್ರಿಲ್ ಕೊನೆಯ ವಾರ

ಪ್ರೀತಿಯ ಪುಟ್ಟಿ,

ವಿಷುವಿನ ದಿನ ವಿಡಿಯೋ ಕಾಲ್ ಮಾಡಿದಾಗ ನಿನ್ನ ಮುಖಕ್ಕಿಂತ ಜಾಸ್ತಿ ಕಂಡದ್ದು ಹಿಂದಿನ ಎಲೆಗಳು. ಒಂದು ಎಲೆ ಟೀವಿಯ ಅರ್ಧ ಮುಚ್ಚಿತ್ತು. ಇನ್ನೊಂದನ್ನು ಕೈಯಲ್ಲಿ ಸರಿಸಿ ಸರಿಸಿ ಮಾತಾಡುತ್ತಿದ್ದೆ. "ಅಮ್ಮಾ, ಈ ಮಾನ್ಸ್ಟೆರಾವನ್ನು ಯಾರಿಗಾದರೂ ಕೊಡಬೇಕು, ಇಲ್ಲ ನಾನೇ ಬೇರೆ ಮನೆ ನೋಡಬೇಕು" ಅಂದೆ. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೀಟಿಂಗ್ ಅಂತ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಆಗುವುದಿಲ್ಲ ಅಲ್ವಾ?

ಈ ತೂತು ತೂತು ದೊಡ್ಡ ಎಲೆಯ ಮಾನ್ಸ್ಟೆರಾವನ್ನು ನಾನು ಸಾಕಿದವಳಲ್ಲ. ಆದರೆ ಮೂವತ್ತು ವರ್ಷದಿಂದ ಕಾಳುಮೆಣಸು ಸಾಕುತ್ತಿದ್ದೇನೆ. ನಿನ್ನ ಫೋಟೋ ನೋಡಿದ ಕೂಡಲೇ ನನಗೆ ಒಂದು ವಿಷಯ ಹೊಳೆಯಿತು. ನೀನು ಅದನ್ನು ಗಿಡ ಅಂದುಕೊಂಡಿದ್ದೀಯ. ಅದು ಬಳ್ಳಿ. ಅದರ ಊರು ದಕ್ಷಿಣ ಮೆಕ್ಸಿಕೋದಿಂದ ಪನಾಮದವರೆಗಿನ ಮಳೆಕಾಡು. ಅಲ್ಲಿ ಅದು ಮರದ ಕಾಂಡಕ್ಕೆ ಬೇರು ಊರಿ ಅರುವತ್ತು ಅಡಿ ಮೇಲಕ್ಕೂ ಹೋಗುತ್ತದೆ. ಅಂಥದ್ದನ್ನು ತಂದು ಸೋಫಾದ ಪಕ್ಕ ಇಟ್ಟು, ಹಿಡಿಯಲು ಏನೂ ಕೊಡದಿದ್ದರೆ ಅದು ಎಲ್ಲಿಗೆ ಹೋಗಬೇಕು? ಅಡ್ಡಕ್ಕೇ ಹೋಗುತ್ತದೆ. ಮೆಣಸಿನ ಬಳ್ಳಿಯನ್ನು ಅಡಿಕೆ ಮರಕ್ಕೆ ಹತ್ತಿಸದೆ ಬಿಟ್ಟರೆ ತೋಟ ಹೇಗಿರುತ್ತದೆ ಅಂತ ಒಮ್ಮೆ ನೆನೆಸಿಕೋ.

ಹಾಗಾದರೆ ಕೋಲು ನೆಟ್ಟರೆ ಮುಗಿಯಿತಾ? ಅಲ್ಲೇ ಒಂದು ಚಮತ್ಕಾರ ಇದೆ. ನಮ್ಮ ಹಟ್ಟಿಯ ಹತ್ತಿರದ ಹಲಸಿನ ಮರಕ್ಕೆ ಹತ್ತಿದ ಮನಿ ಪ್ಲಾಂಟ್ ನೆನಪಿದೆಯಾ? ಒಂದೊಂದು ಎಲೆಯೂ ಗೆರಸೆಯಷ್ಟು, ಅಂಚಿನಲ್ಲಿ ಸೀಳು ಬೇರೆ. ಫ್ರಿಜ್ಜಿನ ಮೇಲೆ ಬಾಟಲಿಯಲ್ಲಿರುವುದು ಅದೇ ಬಳ್ಳಿಯ ತುಂಡು. ಅದರ ಎಲೆ ಇವತ್ತಿಗೂ ವೀಳ್ಯದೆಲೆಯಷ್ಟೇ. ಹತ್ತಲು ಏನಾದರೂ ಸಿಕ್ಕಿದರೆ ಈ ಜಾತಿಯ ಬಳ್ಳಿಗಳಿಗೆ ದೊಡ್ಡವರಾದೆವು ಅಂತ ತಿಳಿಯುತ್ತದೆ, ಎಲೆ ದೊಡ್ಡದು ಮಾಡುತ್ತವೆ. ಆದ್ದರಿಂದ ಕೋಲು ಕೊಟ್ಟರೆ ಹರಡುವುದು ಕಡಿಮೆಯಾಗುತ್ತದೆ, ಆದರೆ ಎಲೆ ಹಿಗ್ಗುತ್ತದೆ. ಅಂಗಡಿಯವರು ಇದರಲ್ಲಿ ಮೊದಲ ಅರ್ಧ ಮಾತ್ರ ಹೇಳುತ್ತಾರೆ.

ಆದರೂ ನನ್ನನ್ನು ಕೇಳಿದರೆ ಕೋಲು ನೆಡು ಅಂತಲೇ ಹೇಳುತ್ತೇನೆ. ಬೆಂಗಳೂರಲ್ಲಿ ನೀನು ಬಾಡಿಗೆ ಕೊಡುವುದು ನೆಲಕ್ಕೆ ತಾನೆ, ಮೇಲಿನ ಗಾಳಿಗಲ್ಲ. ಅಪ್ಪ ಬರುವಾಗ ತೆಂಗಿನ ನಾರು ಸುತ್ತಿದ ಕೋಲು ತರುತ್ತಾರೆ. ನಿನ್ನ ಎದೆಯೆತ್ತರ ಸಾಕು. ಅದನ್ನು ಆಗಾಗ ಒದ್ದೆ ಮಾಡುತ್ತಿದ್ದರೆ ಬೇರು ಕಚ್ಚಿಕೊಳ್ಳುತ್ತದೆ. ಕಾಂಡವನ್ನು ಕೋಲಿಗೆ ಕಟ್ಟಬೇಕು, ಎಲೆಯ ತೊಟ್ಟನ್ನಲ್ಲ. ತೊಟ್ಟು ಕಟ್ಟಿದರೆ ಕೈ ಕಟ್ಟಿ ನಿಲ್ಲಿಸಿದ ಹಾಗೆ ಕಾಣುತ್ತದೆ.

ಇನ್ನು ನಿನಗೆ ಗೊತ್ತಿಲ್ಲದ ಒಂದು ವಿಷಯ. ನಿನ್ನ ಕುಂಡದಲ್ಲಿ ಇರುವುದು ಒಂದಲ್ಲ, ಮೂರು. ಫೋಟೋ ದೊಡ್ಡದು ಮಾಡಿ ಬುಡ ನೋಡಿದೆ. ಮೂರು ಕಾಂಡ ಬೇರೆ ಬೇರೆಯಾಗಿ ಮಣ್ಣಿನಿಂದ ಎದ್ದಿವೆ. ಚಿಕ್ಕದಿರುವಾಗ ತುಂಬಿದ ಹಾಗೆ ಕಾಣಲಿ ಅಂತ ನರ್ಸರಿಯವರು ಮೂರು ನಾಲ್ಕು ಸಸಿ ಒಟ್ಟಿಗೆ ನೆಡುತ್ತಾರೆ. ಮೋಸ ಅಂತ ಹೇಳುವುದಿಲ್ಲ, ನಾವೂ ಮೆಣಸಿನ ಬಳ್ಳಿ ಒಂದು ತೊಟ್ಟೆಯಲ್ಲಿ ಎರಡು ಮೂರು ತುಂಡು ಊರುತ್ತೇವೆ. ಆದರೆ ಆಮೇಲೆ ಮೂವರೂ ಒಂದೇ ಕಿಟಕಿಗೆ ಜಗಳ ಮಾಡುತ್ತಾರೆ. ನೀನು ಒಂದು ಗಿಡ ಇಷ್ಟು ಹರಡಿತು ಅಂತ ಹೆದರುತ್ತಿದ್ದೀಯ, ಮೂವರ ಜಾಗ ಅದು.

ಆದ್ದರಿಂದ ಮೊದಲ ಕೆಲಸ ಕತ್ತರಿಯದ್ದಲ್ಲ. ಹಿಂದಿನ ದಿನ ನೀರು ಹಾಕು. ಮರುದಿನ ಬಾಲ್ಕನಿಯಲ್ಲಿ ಪೇಪರ್ ಹಾಸಿ ಕುಂಡ ಮಗುಚು. ಬೇರು ಹೆಣೆದುಕೊಂಡಿರುತ್ತದೆ. ಬಕೆಟ್ ನೀರಲ್ಲಿ ಅದ್ದಿ ಬೆರಳಿನಿಂದ ಮೆಲ್ಲ ಬಿಡಿಸು, ಜಡೆ ಬಿಡಿಸಿದ ಹಾಗೆ. ಕೆಲವು ಬೇರು ತುಂಡಾಗುತ್ತದೆ, ಪರವಾಗಿಲ್ಲ. ಚೆಂದದ್ದೊಂದನ್ನು ಇಟ್ಟುಕೋ. ಎರಡನ್ನು ಆಫೀಸಿನವರಿಗೆ ಕೊಡು. ಅದರ ನಂತರ ಒಂದೆರಡು ವಾರ ಎಲೆ ಸ್ವಲ್ಪ ಜೋತುಬೀಳಬಹುದು. ಆಗ ಗಾಬರಿಯಾಗಿ ನೀರು ಸುರಿಯಬೇಡ, ಗೊಬ್ಬರವನ್ನೂ ಹಾಕಬೇಡ.

ಈಗ ಕತ್ತರಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮನಿ ಪ್ಲಾಂಟಿನ ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದೆ. ಬೇರು ಬಂತು. ನನಗೆ ಖುಷಿಯೋ ಖುಷಿ. ಎರಡು ತಿಂಗಳು, ನಾಲ್ಕು ತಿಂಗಳು, ಎಲೆ ಹಸಿರಾಗಿಯೇ ಇತ್ತು, ಆದರೆ ಇನ್ನೊಂದು ಎಲೆ ಬರಲೇ ಇಲ್ಲ. ಕೊನೆಗೆ ನಿನ್ನ ಅಜ್ಜಿ ನೋಡಿ, "ಗಂಟು ಎಲ್ಲಿದೆ ಇದರಲ್ಲಿ? ಸುಮ್ನೆ ನೀರು ಬದಲಿಸುತ್ತಾ ಕೂತಿದ್ದೀಯಲ್ಲ" ಅಂದರು. ಮೊಳಕೆ ಇರುವುದು ಕಾಂಡದ ಗಂಟಿನಲ್ಲಿ. ಎಲೆಗೆ ಬೇರು ಬಿಡಲು ಬರುತ್ತದೆ, ಬಳ್ಳಿಯಾಗಲು ಬರುವುದಿಲ್ಲ. ನಿನ್ನ ಗೆಳತಿಯರಿಗೆ ಎಲೆ ಮಾತ್ರ ಕಿತ್ತು ಕೊಟ್ಟು ಆಸೆ ಹುಟ್ಟಿಸಬೇಡ.

ಕಾಂಡದಲ್ಲಿ ಎಲೆ ಹುಟ್ಟುವ ಕಡೆ ಉಂಗುರದ ಹಾಗೆ ಗೆರೆ ಇರುತ್ತದೆ, ಎದುರು ಬದಿಯಲ್ಲಿ ಕಂದು ಬಣ್ಣದ ಗಾಳಿಬೇರು. ಅದೇ ಗಂಟು. ಎಷ್ಟು ಎತ್ತರ ಬೇಕೋ ನಿರ್ಧರಿಸಿ, ಉಳಿಸುವ ಗಂಟಿನಿಂದ ಅರ್ಧ ಇಂಚು ಮೇಲೆ ಕಡಿ. ಕಡಿದ ತುದಿ ಮತ್ತೆ ಬೆಳೆಯುವುದಿಲ್ಲ. ಕೆಳಗಿನ ಗಂಟಿನ ಮೊಳಕೆ ಏಳುತ್ತದೆ. ಯಾಕೆ ಅಂತ ಕೃಷಿಭವನದ ತರಬೇತಿಯಲ್ಲಿ ಹೇಳಿದ್ದರು, ಅವರು ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದೇನೆ. ತುದಿಯಲ್ಲಿ ಆಕ್ಸಿನ್ ಅನ್ನುವ ಹಾರ್ಮೋನು ಹುಟ್ಟುತ್ತದೆ. ಅದು ಕೆಳಗಿಳಿಯುತ್ತಿರುವ ತನಕ ಬದಿಯ ಮೊಳಕೆಗಳು ಮಲಗಿರುತ್ತವೆ. ಯಜಮಾನ ಹೋದ ಮೇಲೆ ಕಿರಿಯವರು ಬಾಯಿ ಬಿಟ್ಟ ಹಾಗೆ. (ಅಪ್ಪನಿಗೆ ಈ ಸಾಲು ತೋರಿಸಬೇಡ.) ಹೊಸ ಮೊಳಕೆ ಯಾವ ಬದಿಯಿಂದ ಬರುತ್ತದೆ ಅಂತ ಮೊದಲೇ ನೋಡಿ ಕಡಿ. ಇಲ್ಲದಿದ್ದರೆ ಮತ್ತೆ ಟೀವಿಯ ಕಡೆಗೇ ಹೊರಡುತ್ತದೆ.

ಕಡಿಯಲು ಇದೇ ಸಮಯ. ಸೆಕೆಯಲ್ಲಿ, ಮಳೆಗಾಲದ ಮೊದಲು ಗಿಡಕ್ಕೆ ಬೆಳೆಯುವ ಹುರುಪು ಇರುತ್ತದೆ. ಒಂದೇ ಸಲ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡ. ಜಾಗ ತಕ್ಷಣ ಬೇಕಿದ್ದರೆ ಕೆಳಗಿನ ಒಂದೆರಡು ಹಳೆಯ ಎಲೆಗಳನ್ನು ತೊಟ್ಟಿನ ಬುಡದಲ್ಲಿ ತೆಗೆ, ಅಗಲಕ್ಕೆ ಚಾಚುವವು ಅವೇ. ಗಾಳಿಬೇರು ಮಾತ್ರ ಅಸಹ್ಯ ಅಂತ ಕತ್ತರಿಸಬೇಡ, ಕೋಲಿನ ಕಡೆಗೋ ಮಣ್ಣಿಗೋ ತಿರುಗಿಸು. ಕಡಿಯಲು ಧೈರ್ಯ ಬಾರದಿದ್ದರೆ ಗೂಟಿ ಕಟ್ಟು. ಗಾಳಿಬೇರು ಇರುವ ಗಂಟಿಗೆ ಒದ್ದೆ ನಾರಿನ ಪುಡಿ ಇಟ್ಟು ಪ್ಲಾಸ್ಟಿಕ್ ಸುತ್ತು. ಒಳಗೆ ಬೇರು ತುಂಬಿದ್ದು ಕಂಡ ಮೇಲೆ ಅದರ ಕೆಳಗೆ ಕಡಿದರೆ ಆಯ್ತು.

ಕೈಗೆ ತೆಂಗಿನೆಣ್ಣೆ ಹಚ್ಚಿಕೋ, ಹಲಸಿನ ಹಣ್ಣು ಕೊಯ್ಯುವಾಗಿನ ಹಾಗೆ. ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು. ಇದು ನಮ್ಮ ಕೆಸುವಿನ ಕುಟುಂಬ. ಕೆಸುವಿನಲ್ಲಿರುವ ಅದೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಇದರಲ್ಲೂ ಇವೆ. ಪತ್ರೊಡೆಗೆ ಹುಳಿ ಕಡಿಮೆ ಹಾಕಿದ ವರ್ಷ ನಿನ್ನ ಗಂಟಲು ಏನಾಯಿತು ನೆನಪಿದೆಯಲ್ಲ? ನಿನ್ನ ಪಕ್ಕದ ಮನೆಯ ಮಗು ಈಗ ಅಂಬೆಗಾಲಿಡುತ್ತಿದೆ ಅಂದೆ. ಕಡಿದ ತುಂಡು ನೆಲದಲ್ಲಿ ಬಿಡಬೇಡ.

ಕುಂಡದ ವಿಷಯದಲ್ಲಿ ನಿನ್ನದು ನನ್ನದೇ ಬುದ್ಧಿ. ದೊಡ್ಡದು ಕೊಟ್ಟರೆ ಸುಖವಾಗಿರುತ್ತದೆ ಅಂತ. ಅಂಗಳದ ಬುಷ್ ಪೆಪ್ಪರನ್ನು, ಅದೇ ಕುಂಡದಲ್ಲಿ ಪೊದೆಯಾಗಿ ಬೆಳೆಸುವ ಕಾಳುಮೆಣಸನ್ನು, ನಾನು ಹಾಗೆಯೇ ಕೊಂದೆ. ಅಂಗೈಯಷ್ಟು ಗಿಡ, ಬಕೆಟಿನಷ್ಟು ಕುಂಡ. ಬೇರು ಮುಟ್ಟದ ಮಣ್ಣು ಒಣಗುವುದಿಲ್ಲ, ಒದ್ದೆ ಕೂತು ಕೂತು ಬುಡ ಕೊಳೆಯಿತು. ನಿನಗೆ ಈಗಿರುವ ಕುಂಡವೇ ಸಾಕು. ಎರಡು ವರ್ಷಕ್ಕೊಮ್ಮೆ ಹೊರಗೆ ತೆಗೆದು, ಹೊರಸುತ್ತಿನ ಬೇರನ್ನು ಕಾಲು ಭಾಗದಷ್ಟು ಕತ್ತರಿಸಿ, ಹೊಸ ಮಣ್ಣು ಹಾಕಿ ಅದರಲ್ಲೇ ಕೂರಿಸು. ಬೇರಿಗೆ ಜಾಗ ಎಷ್ಟೋ ಮೇಲಿನ ಬೆಳವಣಿಗೆಯೂ ಅಷ್ಟಕ್ಕೆ ಹಿಡಿತದಲ್ಲಿರುತ್ತದೆ. ಮಣ್ಣಿಗೆ ತೆಂಗಿನ ಸಿಪ್ಪೆಯ ಚೂರು ಬೆರೆಸು, ಗಾಳಿಯಾಡುತ್ತದೆ. ಮೇಲಿನ ಎರಡು ಇಂಚು ಒಣಗಿದ ಮೇಲೆ ನೀರು.

ಬುಷ್ ಪೆಪ್ಪರ್ ಅಂದಾಗ ಒಂದು ಮಾತು. ಮೆಣಸಿನಲ್ಲಿ ಒಂದು ಉಪಾಯ ಉಂಟು. ಫಲ ಬಿಡುವ ಅಡ್ಡ ರೆಂಬೆಯಿಂದ ತುಂಡು ತೆಗೆದು ನೆಟ್ಟರೆ ಅದು ಹತ್ತುವುದನ್ನೇ ಮರೆತು ಕುಂಡದಲ್ಲಿ ಪೊದೆಯಾಗಿ ಇರುತ್ತದೆ. ಮಾನ್ಸ್ಟೆರಾದಲ್ಲಿ ಆ ಉಪಾಯ ನಡೆಯುವುದಿಲ್ಲ. ಅದರ ಯಾವ ತುಂಡು ನೆಟ್ಟರೂ ಹತ್ತಲೇ ಹೊರಡುತ್ತದೆ. ಬಾವಿಕಟ್ಟೆಯ ಬಳಿಯ ಕೆಂದೆಂಗು ನೀನು ನಿಂತೇ ಕೊಯ್ಯುವಷ್ಟು ಗಿಡ್ಡ ಇದ್ದದ್ದು ನಾವು ಕಡಿದದ್ದಕ್ಕಲ್ಲ, ಅದು ಚಾವಕ್ಕಾಡಿನ ಗಿಡ್ಡ ತಳಿ, ಹುಟ್ಟಿನಿಂದಲೇ ಹಾಗೆ. ನಿನ್ನದು ಆ ಜಾತಿಯದಲ್ಲ. ವರ್ಷಕ್ಕೊಮ್ಮೆ ಕತ್ತರಿ ಹಿಡಿಯಬೇಕು, ಅಷ್ಟೇ. ಮಿನಿ ಮಾನ್ಸ್ಟೆರಾ ಅಂತ ಮಾರುತ್ತಾರಂತೆ, ಅದನ್ನು ತಂದು ಬದಲಿಸಲಾ ಅಂತ ನೀನು ಕೇಳಿದ್ದೆ. ಬೇಡ. ಅದು ಮಾನ್ಸ್ಟೆರಾವೇ ಅಲ್ಲ, ಮಲೇಷ್ಯಾ, ಥಾಯ್ಲೆಂಡ್ ಕಡೆಯ ಬೇರೊಂದು ಬಳ್ಳಿ. ಮಿನಿ ಇರುವುದು ಎಲೆ, ಓಟ ಅಲ್ಲ.

ಬೆಳೆಯದಿರಲಿ ಅಂತ ಕತ್ತಲೆಯ ಮೂಲೆಗೆ ತಳ್ಳಿದ್ದೆಯಲ್ಲ, ಅದು ಮಾತ್ರ ಸರಿಯಲ್ಲ. ಬೆಳಕು ಸಾಲದಿದ್ದರೆ ಗಂಟಿಗೂ ಗಂಟಿಗೂ ನಡುವೆ ಗೇಣುದ್ದ ಬಿಟ್ಟು ಬಡಕಲಾಗಿ ಚಾಚುತ್ತದೆ, ಹೊಸ ಎಲೆಯಲ್ಲಿ ತೂತೂ ಇರುವುದಿಲ್ಲ. ಕಿಟಕಿಯ ಬಳಿಯೇ ಇಡು, ನೇರ ಬಿಸಿಲು ಬೇಡ. ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸು. ಕಡಿಮೆ ಮಾಡಬೇಕಿದ್ದರೆ ಗೊಬ್ಬರ ಕಡಿಮೆ ಮಾಡು.

ಅಪ್ಪ ಮುಂದಿನ ಶುಕ್ರವಾರ ರಾತ್ರಿ ರೈಲು ಹತ್ತುತ್ತಾರೆ. ಕೋಲು, ಒಂದು ಚೀಲ ಸಿಪ್ಪೆ ಚೂರು, ಹಪ್ಪಳ. ಹಿಂದೆ ಬರುವಾಗ ತುದಿಯ ತುಂಡೊಂದನ್ನು ಅವರ ಕೈಯಲ್ಲಿ ಕಳಿಸು, ಎರಡು ಗಂಟಾದರೂ ಇರಲಿ, ಒದ್ದೆ ಬಟ್ಟೆ ಸುತ್ತಿ. ಗೇಟಿನ ಹತ್ತಿರದ ಮಾವಿನ ಬುಡ ಖಾಲಿ ಇದೆ. ಕತ್ತರಿ ಹಾಕದೆ ಬಿಟ್ಟರೆ ಅದರ ಎಲೆ ಎಷ್ಟು ದೊಡ್ಡದಾಗುತ್ತದೆ ಅಂತ ನನಗೊಮ್ಮೆ ನೋಡಬೇಕು.

ನಿನ್ನ,
ಅಮ್ಮ