ಎಂಆರ್‌ಐ ಯಂತ್ರ ರಿಪೇರಿ ಮಾಡಿಸುವವರು ಯಾರು?

ಮಾನ್ಯರೇ,

ಸಣ್ಣ ಸ್ಟ್ರೋಕ್ (ಲಕ್ವ) ಆದವರ ಮಿದುಳಿನ ಸ್ಕ್ಯಾನ್ ನೋಡಿ, ಅವರು ಎಷ್ಟರಮಟ್ಟಿಗೆ ಚೇತರಿಸಿಕೊಳ್ಳಬಹುದು ಎಂದು ಅಂದಾಜು ಮಾಡುವ ಬಗ್ಗೆ ನಿಮ್ಮ ವರದಿ ಓದಿದೆ. ಒಳ್ಳೆಯದೇ. ಆದರೆ ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಸ್ಕ್ಯಾನೇ ಆಗದಿದ್ದರೆ ಅಂದಾಜು ಎಲ್ಲಿಂದ ಬರಬೇಕು?

ಕಳೆದ ವಾರ ನಮ್ಮಣ್ಣನಿಗೆ ಬಲಗೈ ಜೋಮು ಹಿಡಿದು ಮಾತು ತೊದಲಿತು. ಕೂಡಲೇ ಕರೆದೊಯ್ದೆವು. ಸಿಟಿ ಸ್ಕ್ಯಾನ್ ಮಾಡಿ ‘ನಾರ್ಮಲ್’ ಎಂದರು. ಶುರುವಿನ ಗಂಟೆಗಳಲ್ಲಿ ಸಣ್ಣ ಸ್ಟ್ರೋಕ್ ಸಿಟಿಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಎಂಆರ್‌ಐ ಮಾಡಿಸಿ ಎಂದು ಡ್ಯೂಟಿ ಡಾಕ್ಟರೇ ಹೇಳಿದರು. ಆದರೆ ಯಂತ್ರ ಕೆಟ್ಟಿದೆ! ಯಾವಾಗ ಸರಿಯಾಗುತ್ತದೆ ಎಂದರೆ ಟೆಕ್ನಿಷಿಯನ್ ಆಫೀಸಿನ ಕಡೆ ಕೈ ತೋರಿಸುತ್ತಾರೆ, ಆಫೀಸಿನವರು ಕಂಪನಿಯವರನ್ನು ಕೇಳಿ ಎನ್ನುತ್ತಾರೆ. ಕಂಪನಿಯವರನ್ನು ರೋಗಿ ಎಲ್ಲಿ ಹುಡುಕಬೇಕು?

ನೆಟ್ಟಗೆ ನಿಲ್ಲಲಾಗದ ಅಣ್ಣನನ್ನು ಆಟೊದಲ್ಲಿ ಕೂರಿಸಿಕೊಂಡು ಖಾಸಗಿ ಸೆಂಟರಿಗೆ ಹೋದೆವು. ಬಿಪಿಎಲ್ ಕಾರ್ಡ್ ಇಲ್ಲಿ ನಡೆಯಲ್ಲ ಎಂದರು. ಸಾಲ ಮಾಡಿ ದುಡ್ಡು ಕಟ್ಟಿದೆವು. ಆಗ ಗೊತ್ತಾಯಿತು, ಕೈಕಾಲು ಆಡಿಸುವ ನರಗಳು ಒತ್ತಾಗಿ ಹಾದುಹೋಗುವ ಜಾಗದಲ್ಲೇ ಕಡಲೆಕಾಳಿನಷ್ಟು ಪೆಟ್ಟಾಗಿದೆ. ಪೆಟ್ಟು ಸಣ್ಣದಾದರೂ ಇಂಥ ಜಾಗದಲ್ಲಿ ಬಿದ್ದರೆ ಕೈ ಕೆಲಸಕ್ಕೆ ಬಾರದಂತಾಗಬಹುದು. ಬೇರೆ ಕಡೆ ಅದಕ್ಕಿಂತ ದೊಡ್ಡದಾದರೂ ಗುಣವಾಗಬಹುದು. ಬಿಪಿ, ಶುಗರ್‌ನಿಂದ ಮಿದುಳಿಗೆ ಮೊದಲೇ ಎಷ್ಟು ಹಾನಿಯಾಗಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದಂತೆ. ಅಣ್ಣ ಟೈಲರ್. ಮತ್ತೆ ಕತ್ತರಿ ಹಿಡಿಯುತ್ತಾನಾ, ಅಂಗಡಿ ಬಿಟ್ಟುಕೊಡಬೇಕಾ ಎಂದು ಅತ್ತಿಗೆ ಕೇಳುತ್ತಿದ್ದಾರೆ. ಫಿಲ್ಮ್ ನೋಡಿ ಹೇಳಲು ನ್ಯೂರಾಲಜಿಸ್ಟ್ ಬೇಕಲ್ವಾ? ಅವರು ಬರುವುದೇ ವಾರಕ್ಕೊಮ್ಮೆ. ಈ ವಾರ ರಜೆ!

ಸಣ್ಣ ಸ್ಟ್ರೋಕ್ ಆದ ಮೊದಲ ಕೆಲವು ದಿನಗಳಲ್ಲೇ ಮತ್ತೊಂದು ಬರುವ ಅಪಾಯ ಜಾಸ್ತಿ. ಇದು ರಜೆ ಮುಗಿಯುವವರೆಗೆ ಕಾಯುವ ಕಾಯಿಲೆಯೇ? ಹೃದಯಾಘಾತಕ್ಕೆ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಡುತ್ತಾರೆ. ಮಿದುಳಿನ ಆರೋಗ್ಯಕ್ಕೂ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಯೋಜನೆ ಶುರು ಮಾಡಿತು. ಅದರ ಫಲ ನಮ್ಮ ಊರಿನ ರೋಗಿಗೂ ಸಿಗಬೇಕಲ್ಲವೇ?

ಈ ಆಸ್ಪತ್ರೆಯ ಕಥೆ ಇವತ್ತಿನದಲ್ಲ. ಲಿಫ್ಟ್ ನಿಂತಾಗಲೂ ಹೀಗೇ ಆಯಿತು. ಬಾಣಂತಿಯರು ಮೆಟ್ಟಿಲು ಹತ್ತಿದರು. ಜನಸ್ಪಂದನ ಸಭೆಯಲ್ಲಿ ಅರ್ಜಿ ಕೊಟ್ಟರೆ ‘ಪರಿಶೀಲಿಸುತ್ತೇವೆ’ ಎಂದು ಸೀಲು ಹಾಕಿ ಕಳಿಸಿದರು. ಆ ಅರ್ಜಿ ಯಾವ ಮೇಜಿನ ಮೇಲಿದೆಯೋ! ಆಸ್ಪತ್ರೆ ಮುಂದಿನ ಗುಂಡಿಗಳನ್ನಂತೂ ಕೇಳುವವರೇ ಇಲ್ಲ.

ಯಂತ್ರವನ್ನು ತಕ್ಷಣ ರಿಪೇರಿ ಮಾಡಿಸಬೇಕು. ಇಲ್ಲದಿದ್ದರೆ ಖಾಸಗಿ ಸೆಂಟರಿನ ಖರ್ಚನ್ನು ಸರ್ಕಾರವೇ ಭರಿಸಬೇಕು. ನ್ಯೂರಾಲಜಿಸ್ಟ್ ದಿನಾ ಇರಬೇಕು. ಲಿಫ್ಟೂ ಓಡಬೇಕು. ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಜಿಲ್ಲಾ ಸರ್ಜನ್, ಉಸ್ತುವಾರಿ ಸಚಿವರು ಯಾರಾದರೂ ಸರಿ, ಬಂದು ಆ ಕಾರಿಡಾರಿನಲ್ಲಿ ಒಂದು ಬೆಳಿಗ್ಗೆ ರೋಗಿಗಳ ಜೊತೆ ನಿಲ್ಲಲಿ. ನಮ್ಮ ತೆರಿಗೆಯಿಂದ ಸಂಬಳ ತೆಗೆದುಕೊಳ್ಳುವವರಿಗೆ ಅಷ್ಟೂ ಕೈಲಾಗುವುದಿಲ್ಲವೇ?

– ನೊಂದ ಓದುಗ