ಶುಗರ್‌ಗೆ ಗಿಡಮೂಲಿಕೆ ತಗೊಳ್ಳೋರು ದಯವಿಟ್ಟು ಓದಿ

ಎಲ್ರಿಗೂ ನಮಸ್ಕಾರ, ಗ್ರೂಪಲ್ಲಿ ಶುಗರ್‌ಗೆ ಮಧುನಾಶಿನಿ, ಅಮೃತಬಳ್ಳಿ ತಗೊಳ್ಳಿ ಅಂತ ಫಾರ್ವರ್ಡ್ ಬರ್ತಾನೇ ಇವೆ, ಅದಕ್ಕೇ ಬರೀತಿದೀನಿ. ಮೆಂತ್ಯ ಒಳ್ಳೇದೇ, ರಾತ್ರಿ ನೆನೆಹಾಕಿದ್ರೆ ಬೆಳಿಗ್ಗೆ ಲೋಳೆಲೋಳೆ ಆಗಿರತ್ತಲ್ಲ ಆ ನಾರಿನಂಶಾನೇ ಊಟದ ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡೋದು, ಹಾಗಾಗಿ ಬರೀ ನೀರು ಕುಡಿದು ಕಾಳು ಚೆಲ್ಬೇಡಿ, ಅಗಿದು ತಿನ್ನಿ. ಮಧುನಾಶಿನಿ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕ್ಕೊಂಡ್ರೆ ಮರಳು ತಿಂದಂಗಿರತ್ತೆ, ಆದ್ರೆ ಅದು ನಾಲಿಗೆಗೆ ಸಿಹಿ ಗೊತ್ತಾಗದೇ ಇರೋದು ಅಷ್ಟೇ, ರಕ್ತದಲ್ಲಿರೋ ಶುಗರ್ ಹೋಯ್ತು ಅಂತಲ್ಲ. ಹಾಗಲಕಾಯಿ ಪಲ್ಯ ತಿನ್ನಿ (ಬೆಲ್ಲ ಬೇಡ), ಆದ್ರೆ ಮಾತ್ರೆ ಇನ್ಸುಲಿನ್ ಜೊತೆ ಜ್ಯೂಸು ಪುಡಿ ಎಲ್ಲಾ ಸೇರಿಸಿದ್ರೆ ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬರಬಹುದು. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾಗಿರೋ ಕೇಸುಗಳೂ ಇವೆ. ಡಾಕ್ಟರನ್ನ ಕೇಳದೆ ಯಾರೂ ಮಾತ್ರೆ ನಿಲ್ಲಿಸ್ಬೇಡಿ, ಮನೇಲಿ ಏನೇನ್ ತಗೋತಿದೀರ ಅಂತ ಅವರಿಗೆ ಹೇಳಿ.