ಬಿಸಿಲ್ಗುದುರೆ ಮತ್ತು ಮೈಸೂರಿನ ಕುದುರೆ

ಆತ್ಮೀಯ ಕನ್ನಡ ಬಂಧುಗಳೇ,

ಕಳೆದ ತಿಂಗಳ ಸಿನಿಮಾ ಸಂಜೆಗೆ ‘ಲಾರೆನ್ಸ್ ಆಫ್ ಅರೇಬಿಯಾ’ ಹಾಕೋಣ ಎಂದಾಗ ಸಮಿತಿಯಲ್ಲಿ ಕೆಲವರು ಹಿಂದೆಮುಂದೆ ನೋಡಿದರು. ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ದಂಗೆಯೆದ್ದ ಅರಬರ ಜೊತೆ ಕಾದಾಡಿದ ಇಂಗ್ಲಿಷ್ ಸೇನಾಧಿಕಾರಿ ಲಾರೆನ್ಸ್‌ನ ಕಥೆ ಅದು. 1962ರ ಚಿತ್ರ, ಮೂರೂವರೆ ಗಂಟೆಗೂ ಮೇಲೆ ಓಡುತ್ತದೆ, ಹೆಣ್ಣುಪಾತ್ರಕ್ಕೆ ಒಂದು ಮಾತೂ ಇಲ್ಲ. ಮಕ್ಕಳು ಕೂರುತ್ತಾರೆಯೇ ಎಂಬ ಅನುಮಾನ ನನಗೂ ಇತ್ತು. ಕೂತರು. ಬಾವಿಯ ದೃಶ್ಯ ಬಂದಾಗ ಹಿಂದಿನ ಸಾಲಿನಲ್ಲಿ ಕೋಡುಬಳೆ ಕಡಿಯುವ ಸದ್ದೂ ನಿಂತುಹೋಯಿತು.

ಆ ದೃಶ್ಯ ನೋಡಿದವರಿಗೆ ಮರೆಯುವಂಥದ್ದಲ್ಲ. ದೂರದಲ್ಲಿ ಬಿಸಿಲ್ಗುದುರೆ ಅಲೆಯಾಡುತ್ತಿದೆ, ಅದರೊಳಗೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಗೆರೆಯಾಗುತ್ತದೆ, ಗೆರೆ ಒಂಟೆಯಾಗುತ್ತದೆ, ಒಂಟೆಯ ಮೇಲೊಬ್ಬ ಸವಾರ ಕಾಣುತ್ತಾನೆ. ಬಾವಿಯ ಬಳಿ ನಿಂತವರ ಜೊತೆ ನಾವೂ ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಸಂಗೀತವಿಲ್ಲ, ಮಾತು ಒಂದೆರಡೇ. ಆಮೇಲೆ ಗುಂಡಿನ ಸದ್ದು, ಲಾರೆನ್ಸ್‌ನ ದಾರಿತೋರುಗ ನೆಲಕ್ಕುರುಳುತ್ತಾನೆ. ಇಷ್ಟಕ್ಕೆಂದೇ ಛಾಯಾಗ್ರಾಹಕ ಫ್ರೆಡ್ಡಿ ಯಂಗ್ ದೂರದೃಶ್ಯದ ವಿಶೇಷ ಲೆನ್ಸ್ ಬಳಸಿದರು. ನಿರ್ದೇಶಕ ಡೇವಿಡ್ ಲೀನ್ ಅವರಿಗೆ ಮರಳುಗಾಡು ಬರೀ ಹಿನ್ನೆಲೆಯಾಗಿರಲಿಲ್ಲ, ಅದೇ ಒಂದು ಪಾತ್ರವಾಗಿತ್ತು. ಏಳು ಆಸ್ಕರ್‌ಗಳು ಸುಮ್ಮನೆ ಬರಲಿಲ್ಲ.

ವಿರಾಮಕ್ಕೂ ಮೊದಲು ಹಿರಿಯರ ಸಾಲಿನಲ್ಲಿ ಗುಸುಗುಸು ಎದ್ದಿತು: “ಅಯ್ಯೋ, ಇವರು ನಮ್ಮ ಐ.ಎಸ್. ಜೋಹರ್ ಅಲ್ವೇನ್ರೀ?” ಹೌದು, ಅವರೇ. ಮರಳುಗಾಡಿನಲ್ಲಿ ಹಿಂದೆ ಉಳಿದುಹೋದ ಗಾಸಿಮ್, ಲಾರೆನ್ಸ್ ತಿರುಗಿ ಹೋಗಿ ಕಾಪಾಡಿ ತರುವ ಗಾಸಿಮ್, ಕಡೆಗೆ ಅದೇ ಲಾರೆನ್ಸ್‌ನ ಕೈಯಿಂದಲೇ ಸಾಯುವ ಗಾಸಿಮ್. ಹಿಂದಿ ಚಿತ್ರಗಳಲ್ಲಿ ನಗಿಸುತ್ತಿದ್ದ ಮುಖವನ್ನು ಅಲ್ಲಿ ಕಂಡು ಎಲ್ಲರಿಗೂ ಹಿಗ್ಗು. ನನಗೆ ಮಾತ್ರ ಆ ಕ್ಷಣದಿಂದ ಬೇರೊಂದು ಯೋಚನೆ ಹತ್ತಿಕೊಂಡಿತು. ಅದನ್ನು ಹೇಳಿಕೊಳ್ಳಲೆಂದೇ ಈ ಸಂಪಾದಕೀಯ.

ಇತಿಹಾಸವನ್ನು ಚಿತ್ರ ಮಾಡುವವರು ಅದನ್ನು ಅಷ್ಟಿಷ್ಟು ಬದಲಿಸದೆ ವಿಧಿಯಿಲ್ಲ. ನಿಜವಾದ ಲಾರೆನ್ಸ್ ಕುಳ್ಳ, ಪೀಟರ್ ಓಟೂಲ್ ಆರಡಿಗೂ ಎತ್ತರ. ಬಾವಿಯ ಬಳಿ ಬರುವ ಶರೀಫ್ ಅಲಿ ಹಲವರನ್ನು ಸೇರಿಸಿ ಕಟ್ಟಿದ ಪಾತ್ರ. ಇವಕ್ಕೆಲ್ಲ ನನ್ನ ತಕರಾರಿಲ್ಲ. ಅಕಾಬಾ ಪಟ್ಟಣದ ಮೇಲಿನ ದಾಳಿಯನ್ನು ನೋಡಿ: ಚಿತ್ರದಲ್ಲಿ ಸವಾರರು ಅಲೆಯಂತೆ ಊರಿಗೆ ನುಗ್ಗುತ್ತಾರೆ, ಫಿರಂಗಿಗಳು ಕಡಲಿಗೆ ಮುಖಮಾಡಿ ಸುಮ್ಮನೆ ನಿಂತಿರುತ್ತವೆ. 1917ರ ಜುಲೈನಲ್ಲಿ ನಿಜವಾದ ಕಾದಾಟ ನಡೆದದ್ದು ಅಲ್ಲಿಂದ ಎಷ್ಟೋ ಮೈಲಿ ಒಳನಾಡಿನ ಅಬು ಅಲ್ ಲಿಸ್ಸಾನ್‌ನಲ್ಲಿ. ಆ ಗಡಿಬಿಡಿಯಲ್ಲಿ ಲಾರೆನ್ಸ್ ತನ್ನ ಒಂಟೆಯ ತಲೆಗೆ ತಾನೇ ಗುಂಡು ಹೊಡೆದು ಕೆಳಗೆ ಬಿದ್ದ. ಇದನ್ನು ಅವನೇ ಬರೆದಿಟ್ಟಿದ್ದಾನೆ. ಅಕಾಬಾ ಆಮೇಲೆ ಹೆಚ್ಚುಕಡಿಮೆ ಕಾದಾಟವೇ ಇಲ್ಲದೆ ಶರಣಾಯಿತು.

ನನ್ನನ್ನು ಕಾಡುವುದು ಬದಲಿಸಿದ್ದಲ್ಲ, ಬಿಟ್ಟದ್ದು. ಚಿತ್ರದ ಕೊನೆಯ ಭಾಗದಲ್ಲಿ ಡಮಾಸ್ಕಸ್‌ನ ದಾರಿ ಬರುತ್ತದೆ, 1918ರ ಸೆಪ್ಟೆಂಬರ್ ಬರುತ್ತದೆ. ಅದೇ ಸೆಪ್ಟೆಂಬರ್‌ನಲ್ಲಿ, ಚಿತ್ರದಲ್ಲಿ ಬರುವ ಅದೇ ಬ್ರಿಟಿಷ್ ಜನರಲ್ ಅಲೆನ್‌ಬಿಯ ಸೈನ್ಯದಲ್ಲಿ, ಮೈಸೂರಿನ ಕುದುರೆ ಸವಾರರಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. 1914ರಲ್ಲೇ ಹಡಗು ಹತ್ತಿ ಈಜಿಪ್ಟ್‌ಗೆ ಹೋದ ಮೈಸೂರು ಲ್ಯಾನ್ಸರ್ಸ್ ಪಡೆ ಮೊದಲು ಸೂಯೆಜ್ ಕಾಲುವೆ ಕಾಯಿತು, ಆಮೇಲೆ ಪ್ಯಾಲೆಸ್ಟೈನ್‌ಗೆ ನಡೆಯಿತು. ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಹಿಡಿಯುವ ಕೆಲಸ ಜೋಧಪುರ ಮತ್ತು ಮೈಸೂರಿನ ಸವಾರರ ಪಾಲಿಗೆ ಬಿತ್ತು. ಒಂದು ಕಡೆ ಕಾಲಿಟ್ಟರೆ ಕುಸಿಯುವ ಮರಳಿನ ಕಿಶೋನ್ ನದಿ, ಇನ್ನೊಂದು ಕಡೆ ಕಾರ್ಮೆಲ್ ಬೆಟ್ಟ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. ಇವರ ಕೈಯಲ್ಲಿದ್ದದ್ದು ಭರ್ಜಿ ಮತ್ತು ಕತ್ತಿ.

ಜೋಧಪುರದವರು ಊರೊಳಗೆ ನುಗ್ಗಿದರು. ಅವರ ಮೇಜರ್ ದಲ್ಪತ್ ಸಿಂಗ್ ಅಲ್ಲೇ ಪ್ರಾಣ ಬಿಟ್ಟರು. ಮೈಸೂರಿನ ಒಂದು ತುಕಡಿ ಫಿರಂಗಿಗಳನ್ನು ಹುಡುಕಿಕೊಂಡು ಬೆಟ್ಟ ಹತ್ತಿತು. ಕಡಿದಾದ ಏರು. ಕೆಲವು ಕುದುರೆಗಳು ಕುಂಟಿದವು, ಕೆಲವು ಬಸವಳಿದು ನಿಂತವು. ಮೇಲೆ ತಲುಪಿ ದಾಳಿ ಮಾಡುವ ಹೊತ್ತಿಗೆ ಕುದುರೆಯ ಮೇಲೆ ಉಳಿದವರು 15 ಜನ. ಆ 15 ಜನ, ಅಷ್ಟರಲ್ಲಿ ಬಂದು ಸೇರಿದ ಬ್ರಿಟಿಷ್ ತುಕಡಿಯೊಂದರ ಬೆಂಬಲದಿಂದ, ಫಿರಂಗಿಗಳನ್ನು ಹಿಡಿದರು. ಸಂಜೆಯ ಹೊತ್ತಿಗೆ ಹೈಫಾದಲ್ಲಿ 1,350 ಜನ ಸೆರೆಯಾಗಿದ್ದರು. ತಿಂಗಳ ಬಳಿಕ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಆಚೆಯ ಹರಿತಾನ್‌ನಲ್ಲಿ ಇದೇ ಎರಡು ಪಡೆಗಳು ಮತ್ತೆ ದಾಳಿ ಮಾಡಿದವು. ತುರ್ಕರೊಂದಿಗೆ ಕದನವಿರಾಮದ ಸಹಿ ಬೀಳಲು ಆಗ ಇನ್ನು ನಾಲ್ಕೇ ದಿನ ಇತ್ತು.

ಅದು ನಮ್ಮ ಯುದ್ಧವಲ್ಲ, ನಿಜ. ಆಳುವವರ ಯುದ್ಧಕ್ಕೆ ನಮ್ಮ ಹಳ್ಳಿಯ ಹುಡುಗರು ಹೋದರು. ಅದಕ್ಕೇ ಅವರ ಕಥೆ ಯಾರಿಗೂ ಬೇಡವಾಯಿತೋ ಏನೋ ಎಂದು ನನಗೆ ಸಂಕಟವಾಗುತ್ತದೆ. ಲೀನ್ ಹೇಳಹೊರಟದ್ದು ಲಾರೆನ್ಸ್‌ನ ಕಥೆ, ಅವರನ್ನು ದೂರಲಾರೆ. ಆದರೆ ಇಷ್ಟು ಚೆಂದದ ಚಿತ್ರ ನೋಡಿದವರ ಮನಸ್ಸಿನಲ್ಲಿ ಆ ಯುದ್ಧವೆಂದರೆ ಒಂಟೆ, ಅರಬರು, ನೀಲಿ ಕಣ್ಣಿನ ಒಬ್ಬ ಇಂಗ್ಲಿಷಿನವನು, ಅಷ್ಟೇ ಆಗಿ ನಿಂತುಬಿಡುತ್ತದೆ. ಚಿತ್ರ ಎಷ್ಟು ಚೆನ್ನಾಗಿದ್ದರೆ ಅದರ ಹೊರಗಿದ್ದವರು ಅಷ್ಟು ದೂರವಾಗುತ್ತಾರೆ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಸವಾರರ ನೆನಪಿಗೊಂದು ಕಲ್ಲಿನ ಸ್ಮಾರಕ ಇದೆ. ಹುಡುಗನಾಗಿದ್ದಾಗ ನಾನು ಅದರ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಒಮ್ಮೆಯೂ ಇಳಿದು ಓದಲಿಲ್ಲ. ಕಳೆದ ಬಾರಿ ಊರಿಗೆ ಹೋದಾಗ ಮಗಳನ್ನು ಕರೆದುಕೊಂಡು ಹೋಗಿ ನಿಂತೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂವರು ಕಂಚಿನ ಸೈನಿಕರಲ್ಲೂ ಒಬ್ಬ ಮೈಸೂರಿನವನು, ಉಳಿದಿಬ್ಬರು ಜೋಧಪುರ ಮತ್ತು ಹೈದರಾಬಾದಿನವರು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು.

ಇನ್ನೊಂದು ಮಾತು. ಇದೇ ಡೇವಿಡ್ ಲೀನ್ ತಮ್ಮ ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಬಂಡೆಬೆಟ್ಟ ಹುಡುಕುತ್ತ ಬಂದದ್ದು ನಮ್ಮ ಸಾವನದುರ್ಗಕ್ಕೆ. ಚಿತ್ರ 1984ರಲ್ಲಿ ತೆರೆಕಂಡಿತು. ಸಾವನದುರ್ಗದಿಂದ ಜೆ.ಸಿ. ನಗರದ ಆ ಕಲ್ಲಿಗೆ 50–60 ಕಿಲೋಮೀಟರ್ ದಾರಿ.

ನಮ್ಮ ಸಂಘದ ಸದಸ್ಯರಲ್ಲಿ ಯಾರ ಮನೆಯಲ್ಲಾದರೂ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದ ಮುತ್ತಾತನ ಫೋಟೋ, ಪದಕ, ಹಳೆಯ ಕಾಗದ ಇದ್ದರೆ, ಅಥವಾ ಅಜ್ಜಿ ಹೇಳಿದ ಒಂದು ಮಾತು ನೆನಪಿದ್ದರೂ ಸಾಕು, ದಯವಿಟ್ಟು ಬರೆದು ಕಳಿಸಿ. ಸೆಪ್ಟೆಂಬರ್ ಸಂಚಿಕೆಯ ನಡುವಿನ ನಾಲ್ಕು ಪುಟ ಖಾಲಿ ಇಟ್ಟಿದ್ದೇನೆ.

ನಿಮ್ಮ ಸಂಪಾದಕ